ನೀರು ಇಳಿಯುವ ಹೊತ್ತು

ಹೋದ ಜನವರಿಯಲ್ಲಿ ಬೆಂಗಳೂರಿನಿಂದ ಒಂದು ಕುಟುಂಬ ನಮ್ಮ ಮನೆಗೆ ಬಂದಿತ್ತು. ಗಂಡ, ಹೆಂಡತಿ, ಎಂಟು ವರ್ಷದ ಮಗಳು, ಗಂಡನ ತಾಯಿ. ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ ಹೋದರೆ ನಮ್ಮ ಮನೆ. ಅಡಿಕೆ ತೋಟ, ಹಳೇ ಮನೆ. ಹಿಂದುಗಡೆಯ ಎರಡು ಕೋಣೆಯನ್ನು ಬಂದವರಿಗೆ ಅಂತ ರಿಪೇರಿ ಮಾಡಿಸಿ ಇಟ್ಟಿದ್ದೇವೆ. ಗೇಟಿಗೆ ಹೋಂಸ್ಟೇ ಅಂತ ಬೋರ್ಡ್ ಇದೆ. ನಮ್ಮ ಅತ್ತೆ ಮಾತ್ರ ಇವತ್ತಿಗೂ "ನೆಂಟರು ಬಂದ್ರಾ?" ಅಂತಲೇ ಕೇಳುವುದು.

ಅವರಿಗೊಂದು ಆಸೆ ಇತ್ತು. ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಹೆಂಗಸರು ಸೊಂಟದವರೆಗಿನ ನೀರಲ್ಲಿ ನಿಂತು ಬೆಳಚು, ಅಂದರೆ ಕೆಸರಲ್ಲಿ ಸಿಗುವ ತಿನ್ನುವ ಚಿಪ್ಪು, ಆರಿಸುವ ವಿಡಿಯೊ ಒಂದನ್ನು ಫೋನಿನಲ್ಲಿ ನೋಡಿದ್ದರಂತೆ. ಅದನ್ನು ಕಣ್ಣಾರೆ ನೋಡಬೇಕು. "ನಾಳೆ ಹನ್ನೊಂದಕ್ಕೆ ಅಲ್ಲಿದ್ರೆ ಸಾಕಲ್ವಾ? ಮೂರಕ್ಕೆ ಮುರ್ಡೇಶ್ವರ ಇಟ್ಕೊಂಡಿದೀವಿ" ಅಂದರು ಆತ.

ನನ್ನ ತವರು ಘಟ್ಟದ ಕೆಳಗೆ, ಕುಮಟಾ ತಾಲೂಕು, ಅಳಿವೆಯ ದಂಡೆಯ ಊರು. ಆಯಿಗೆ, ಅಂದರೆ ಅಮ್ಮನಿಗೆ, ಫೋನ್ ಮಾಡಿದೆ. ನಾಳೆ ನೀರು ಎಷ್ಟೊತ್ತಿಗೆ ಇಳಿಯುತ್ತದೆ ಅಂತ ಕೇಳಿದರೆ ಅವಳು ತಿರುಗಿ ಕೇಳಿದಳು.

"ಅಮಾಸೆ ಯಾವಾಗ?"

"ಇವತ್ತೇ, ಆಯಿ."

"ಹಂಗಾರೆ ಹನ್ನೊಂದಕ್ಕೆ ಬಂದು ಎಂತ ನೋಡದು? ಹೊಳೆ ತುಂಬ ನೀರೇ ಇರ್ತು. ಸಂಜೆ ಐದರ ಮೇಲೆ ಬರ್ಲಿ."

ಆಯಿ ಜನ್ಮದಲ್ಲಿ ಬೆಳಚು ಬಾಯಿಗೆ ಇಟ್ಟವಳಲ್ಲ. ನಮ್ಮದು ತಂಬುಳಿ, ಅಪ್ಪೆಹುಳಿಯ ಮನೆ. ಆದರೂ ಆ ಊರಲ್ಲಿ ಐವತ್ತು ವರ್ಷ ಬಾಳಿದ ಮೇಲೆ ಇದೆಲ್ಲ ಬಂದುಬಿಡುತ್ತದೆ. ನಮ್ಮ ಕಡೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಮಧ್ಯಾಹ್ನದ ಹೊತ್ತಿಗೆ ನೀರು ತುಂಬಿರುತ್ತದೆ. ಬೆಳಗಿನ ಜಾವ ಒಮ್ಮೆ, ಸಂಜೆ ಒಮ್ಮೆ ಚೆನ್ನಾಗಿ ಇಳಿಯುತ್ತದೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಮುಂದೆ ಹೋಗುತ್ತದೆ. ಅಷ್ಟಮಿ ಬರುವಷ್ಟರಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ಆಗ ಇಳಿದರೂ ಅಷ್ಟೊಂದು ಇಳಿಯುವುದಿಲ್ಲ. ಬೆಳಚು ಆರಿಸುವವರ ದಿನಚರಿ ಇದರ ಮೇಲೆ ನಿಂತಿದೆ. ಅವರಿಗೆ ಭಾನುವಾರ ಅನ್ನುವುದಕ್ಕಿಂತ ಬಿದಿಗೆ, ತದಿಗೆ ಮುಖ್ಯ.

ಸಂಜೆ ಐದು ಅಂದಾಗ ಆತ ಫೋನ್ ತೆಗೆದು ತಮ್ಮ ಪಟ್ಟಿ ನೋಡಿದರು. ಅದರಲ್ಲಿ ಐದಕ್ಕೆ ಜಾಗ ಇರಲಿಲ್ಲ. "ಬೆಳಗ್ಗೆ ಸ್ವಲ್ಪ ಹೊತ್ತು ಮಾಡಿ ತೋರಿಸೋಕೆ ಯಾರಾದ್ರೂ ಸಿಗ್ತಾರಾ? ದುಡ್ಡು ಕೊಡೋಣ" ಅಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಹಾಗೆ ಕೇಳಬಹುದು ಅಂತ ನಾವೇ ಅಲ್ವಾ ಅವರಿಗೆ ಕಲಿಸಿದ್ದು?

ಬಂದವರಿಗೆ ಊಟ ಬಡಿಸಲು ಶುರು ಮಾಡಿ ಆರು ವರ್ಷ ಆಯಿತು. ನಮ್ಮ ಜಿಲ್ಲೆಯ ಪ್ರವಾಸದ ಬಗ್ಗೆ ಮಾತು ಬಂದಾಗಲೆಲ್ಲ ಪ್ಲಾಸ್ಟಿಕ್ ಬಾಟಲಿ, ಬೀಚಿನ ಕಸ, ಜೋರು ಹಾಡು ಇವೇ ಬರುತ್ತವೆ. ಅವೆಲ್ಲ ನಿಜವೇ. ಆದರೆ ನನಗೆ ಈಚೆಗೆ ಆ 'ಹನ್ನೊಂದು ಗಂಟೆ'ಯೂ ಅಷ್ಟೇ ಭಾರ ಅನ್ನಿಸುತ್ತದೆ. ಕಸವನ್ನು ಹೆಕ್ಕಬಹುದು. ಊರಿನ ಹೊತ್ತನ್ನೇ ಬಂದವರ ಹೊತ್ತಿಗೆ ತಿರುಗಿಸಿಕೊಂಡರೆ ಅದನ್ನು ವಾಪಸ್ ತಿರುಗಿಸುವುದು ಹೇಗೆ?

ಹೊಳೆಯ ಮಾತಿಗೇ ಬರುತ್ತೇನೆ. ಅಘನಾಶಿನಿ ಹುಟ್ಟುವುದು ಶಿರಸಿಯ ಶಂಕರ ಹೊಂಡದಲ್ಲಿ. ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕಾಡಿನ ಕಣಿವೆಯಲ್ಲಿ ಸುತ್ತಿ, ಕುಮಟಾ ತಾಲೂಕಿನ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಹೊಳೆ ಘಟ್ಟ ಇಳಿದು ಹೋದ ದಾರಿಗೆ ಎದುರಾಗಿ ನಾನು ದೇವಿಮನೆ ಘಟ್ಟ ಹತ್ತಿ ಗಂಡನ ಮನೆಗೆ ಬಂದವಳು. ಇಡೀ ಹೊಳೆಗೆ ದೊಡ್ಡ ಅಣೆಕಟ್ಟು ಅಂತ ಒಂದೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿ ಅಲ್ಲ. ಕಾಳಿ ಹೊಳೆಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಸಾಲು ಅಣೆಕಟ್ಟು ಎದ್ದಿದೆ. ಶರಾವತಿಗೆ 1964ರಲ್ಲೇ ಲಿಂಗನಮಕ್ಕಿ ಬಂತು, ಆಮೇಲೆ ಗೇರುಸೊಪ್ಪ.

ಅಣೆಕಟ್ಟು ಕಟ್ಟಿದರೆ ಅಳಿವೆಗೆ ಏನಾಗುತ್ತದೆ ಅಂದರೆ, ಹೊತ್ತು ಕೆಡುತ್ತದೆ. ಮಳೆಗಾಲದಲ್ಲಿ ಸಿಹಿನೀರು ನುಗ್ಗಬೇಕು, ಬೇಸಿಗೆಯಲ್ಲಿ ಉಪ್ಪುನೀರು ಒಳಗೆ ಬರಬೇಕು. ಅದು ಅಳಿವೆಯ ವರ್ಷ. ಶರಾವತಿಯಲ್ಲಿ ಬೇಸಿಗೆಯಲ್ಲೂ ಕರೆಂಟಿಗಾಗಿ ನೀರು ಬಿಡುತ್ತಾರೆ. ಅಲ್ಲಿ ಉಪ್ಪಿನಂಶ ತಗ್ಗಿ, ಚಿಪ್ಪಿನ ಜೀವಗಳು ಕಡಿಮೆಯಾಗಿವೆ ಅಂತ ಎರಡೂ ಅಳಿವೆಗಳನ್ನು ಹೋಲಿಸಿ ಅಧ್ಯಯನ ಮಾಡಿದವರು ಹೇಳುತ್ತಾರೆ. ಬೆಂಗಳೂರಿನಲ್ಲಿ ಸಂಜೆ ಲೈಟ್ ಹಾಕುವ ಹೊತ್ತಿಗೂ ಹೊನ್ನಾವರದ ಶರಾವತಿ ಹೊಳೆಯ ಚಿಪ್ಪಿಗೂ ಹೀಗೊಂದು ನೆಂಟಸ್ತನ. ಇದನ್ನು ಬಂದವರಿಗೆ ಹೇಳಿದರೆ ಕೆಲವರು ಸುಮ್ನೆ ನನ್ನ ಮುಖ ನೋಡುತ್ತಾರೆ. ನಾನೇನೂ ಕರೆಂಟ್ ಬೇಡ ಅನ್ನುವವಳಲ್ಲ. ನಮ್ಮನೆಯಲ್ಲೂ ಗ್ರೈಂಡರ್ ಇದೆ.

ಅಘನಾಶಿನಿಯಲ್ಲಿ ಆ ವರ್ಷಚಕ್ರ ಇನ್ನೂ ಹೆಚ್ಚುಕಡಿಮೆ ಉಳಿದಿದೆ. 2024ರ ಆರಂಭದಲ್ಲಿ ಇಲ್ಲಿಯ ಅಳಿವೆಯ 4,801 ಹೆಕ್ಟೇರ್ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಸುದ್ದಿ ಪೇಪರಿನಲ್ಲಿ ಬಂದ ಮೇಲೆ ನಮ್ಮ ಫೋನ್ ಜಾಸ್ತಿ ಹೊಡೆದುಕೊಳ್ಳತೊಡಗಿತು. ಆಯಿ ಮಾತ್ರ "ಅದೆಂತ ಸರ?" ಅಂತ ಕೇಳಿದಳು. ಕೊರಳಿಗೆ ಹಾಕುವ ಸರ ಅಂದುಕೊಂಡಿದ್ದಳು. ಹೊಳೆಗೆ ಸರ ಹಾಕಿದ್ದಾರೆ ಅಂದುಬಿಟ್ಟೆ ನಾನೂ.

ಅಳಿವೆಯ ಬದಿಯ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪುನೀರು ಬರುವ ತಗ್ಗಿನ ಗದ್ದೆಗಳಲ್ಲಿ, ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪುನೀರು ತಾಳಿಕೊಳ್ಳುವ ಭತ್ತ. ಮೊದಲ ಮಳೆಗೆ ಮಣ್ಣಿನ ಉಪ್ಪು ತೊಳೆದು ಹೋಗಬೇಕು, ಆಗ ಮೊಳಕೆ ಬರಿಸಿದ ಬೀಜ ಚೆಲ್ಲಬೇಕು. ಗೊಬ್ಬರ ಇಲ್ಲ, ಔಷಧಿ ಇಲ್ಲ. ಮಳೆಗಾಲದ ಕೊನೆಗೆ ಕೊಯ್ಲು. ಕೊಯ್ದ ಮೇಲೆ ಕಟ್ಟೆಯ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸೀಗಡಿ. ಕೊಳೆತ ಹುಲ್ಲು ಮೀನಿಗೆ ಆಹಾರ, ಮೀನಿನ ಗಲೀಜು ಮುಂದಿನ ಭತ್ತಕ್ಕೆ ಗೊಬ್ಬರ. ನಾನು ಸಣ್ಣವಳಿದ್ದಾಗ ಕಗ್ಗದ ಕೆಂಪಕ್ಕಿ ಗಂಜಿ ಅಂದರೆ ಮೂಗು ಮುರಿಯುತ್ತಿದ್ದೆ. ಈಗ ಅದನ್ನು ಬಂದವರಿಗೆ ಬಡಿಸಿ ಅದರ ಮಹಿಮೆ ಹೇಳುತ್ತೇನೆ. ಆಯಿ ಎದುರಿಗಿದ್ದರೆ ಮಾತ್ರ ಮಹಿಮೆ ಸ್ವಲ್ಪ ಕಡಿಮೆ ಹೇಳುತ್ತೇನೆ.

ಕೆಲವೊಮ್ಮೆ ಏಪ್ರಿಲ್‌ನಲ್ಲಿ ಬಂದವರು ಕಗ್ಗದ ಗದ್ದೆ ತೋರಿಸಿ ಅನ್ನುತ್ತಾರೆ. ಆಗ ಅದು ಗದ್ದೆ ಅಲ್ಲವೇ ಅಲ್ಲ, ಕೆರೆ. ನೋಡುವವರಿಗೆ ನಿರಾಸೆ ಆಗುತ್ತದೆ. ನನಗಾದರೋ ಅಲ್ಲೇ ಕತೆ ಶುರು ಆಗುವುದು ಅನ್ನಿಸುತ್ತದೆ. ಒಂದೇ ಜಾಗ ವರ್ಷದಲ್ಲಿ ಎರಡು ಕಸುಬು ಮಾಡುತ್ತದೆ. ಅದು ತಿಳಿಯಬೇಕಾದರೆ ಎರಡು ಸಲ ಬರಬೇಕು.

ಈಗ ನನ್ನದೇ ಒಂದು ತಪ್ಪಿನ ವಿಷಯ. ಹೋಂಸ್ಟೇ ಶುರು ಮಾಡಿದ ಎರಡನೇ ವರ್ಷ, ಡಿಸೆಂಬರ್ ಕೊನೆಯ ವಾರ. ಹದಿನಾಲ್ಕು ಜನರ ಒಂದು ಗುಂಪು ಬುಕ್ ಮಾಡಿತ್ತು. ಸಂಜೆಗೆ 'ಸ್ಥಳೀಯ ಸಂಸ್ಕೃತಿ' ಏನಾದರೂ ಬೇಕು ಅಂದರು. ನಾನು ಉಮೇದಿನಲ್ಲಿ ಹಾಲಕ್ಕಿಯವರ ಸುಗ್ಗಿ ಕುಣಿತ ಮಾಡಿಸುತ್ತೇನೆ ಅಂದುಬಿಟ್ಟೆ.

ಹಾಲಕ್ಕಿ ಒಕ್ಕಲಿಗರು ಘಟ್ಟದ ಕೆಳಗಿನವರು. ಅಂಕೋಲಾ, ಕುಮಟಾ, ಕಾರವಾರ, ಹೊನ್ನಾವರದ ಹಳ್ಳಿಗಳಲ್ಲಿ ಇದ್ದಾರೆ. ಸುಗ್ಗಿ ಕುಣಿಯುವುದು ಹೋಳಿ ಹುಣ್ಣಿಮೆ ಹತ್ತಿರ ಬಂದಾಗ. ಗಂಡಸರು ತಲೆಗೆ ಬಣ್ಣಬಣ್ಣದ ತುರಾಯಿ ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ಗುಮಟೆ ವಾದ್ಯದ ಬಡಿತಕ್ಕೆ ಊರೂರು ತಿರುಗುತ್ತಾರೆ. ಕಟ್ಟುವುದಕ್ಕೂ ಬಿಚ್ಚುವುದಕ್ಕೂ ದೇವರ ಮುಂದೆ ಕ್ರಮ ಇದೆ. ನಾವು ಮಕ್ಕಳಿದ್ದಾಗ ತಂಡ ಅಂಗಳಕ್ಕೆ ಬಂದರೆ ಆಯಿ ಒಳಗಿಂದ ಅಕ್ಕಿ, ತೆಂಗಿನಕಾಯಿ ತರುತ್ತಿದ್ದಳು. ನಾವು ಕಂಬ ಹಿಡಿದು ಹೆದರಿ ನೋಡುತ್ತಿದ್ದೆವು. ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ದೂರದಲ್ಲಿ ಗುಮಟೆ ಕೇಳಿಸಿದರೆ ಬಂದರು ಅಂತ ಲೆಕ್ಕ.

ನಾನು ಊರಿನ ಒಬ್ಬ ಹಿರಿಯರಿಗೆ ಫೋನ್ ಮಾಡಿದೆ. ನಮ್ಮ ತವರಿನ ಗದ್ದೆಗೆ ಮೊದಲಿಂದ ಬರುತ್ತಿದ್ದವರು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಸುಗ್ಗಿ ಬರ್ಲಿ ತಂಗಿ. ಸುಗ್ಗಿ ಬರದೇ ಸುಗ್ಗಿ ಹೆಂಗೆ ಕುಣೀಲಿ?" ಅಂದರು. ನಾನು ಬಿಡಲಿಲ್ಲ. ಬೇರೆಯವರ ಮೂಲಕ ಏಳೆಂಟು ಹುಡುಗರನ್ನು ಒಪ್ಪಿಸಿದೆ. ಟೆಂಪೋ ಮಾಡಿ ಘಟ್ಟ ಹತ್ತಿಸಿದೆ.

ಅಂಗಳದಲ್ಲಿ ಲೈಟ್ ಹಾಕಿದೆವು. ಇಪ್ಪತ್ತು ನಿಮಿಷ ಕುಣಿದರು. ಚೆನ್ನಾಗಿಯೇ ಕುಣಿದರು. ಹದಿನಾಲ್ಕು ಜನರೂ ಫೋನ್ ಎತ್ತಿ ಹಿಡಿದಿದ್ದರು, ಒಬ್ಬರ ಕಣ್ಣೂ ನೇರವಾಗಿ ಕುಣಿತದ ಮೇಲೆ ಇರಲಿಲ್ಲ. ಒಬ್ಬರು ಬಂದು ಒಂದು ತುರಾಯಿ ತೆಗೆಸಿ ತಮ್ಮ ತಲೆಗೆ ಇಟ್ಟುಕೊಂಡು ಫೋಟೊ ತೆಗೆಸಿಕೊಂಡರು. ಹುಡುಗ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಅದೇ ನನ್ನ ತಪ್ಪು. ಕುಣಿಸಿದ್ದಕ್ಕಿಂತ ಹೆಚ್ಚಾಗಿ, ಆಗ ಬೇರೆ ಕಡೆ ನೋಡಿದ್ದು.

ಮಾರ್ಚಿನಲ್ಲಿ ತವರಿಗೆ ಹೋದಾಗ ಆ ಹಿರಿಯರು ಸಿಕ್ಕರು. ಏನೂ ಅನ್ನಲಿಲ್ಲ. ಕವಳ ಹಾಕಿಕೊಂಡು ಕೂತಿದ್ದರು. "ನಾಡಿದ್ದು ನಿಮ್ಮ ಅಂಗಳಕ್ಕೆ ಬರ್ತದೆ ಸುಗ್ಗಿ, ಇರು" ಅಂದರು. ನಾನು ಇರಲಿಲ್ಲ. ಶಿರಸಿಯಲ್ಲಿ ಬುಕಿಂಗ್ ಇತ್ತು.

ಇಷ್ಟು ಹೇಳಿ ಕೈ ತೊಳೆದುಕೊಂಡರೆ ಅದೂ ಸುಳ್ಳಾಗುತ್ತದೆ. ಅವತ್ತು ಕುಣಿದ ಹುಡುಗರಲ್ಲಿ ಒಬ್ಬ ಆಮೇಲೆ ಕೇಳಿದ್ದ, "ಅಕ್ಕಾ, ಬೆಂಗಳೂರಲ್ಲಿ ಸ್ಟೇಜ್ ಮೇಲೆ ಕುಣಿದ್ರೆ ಅದು ಕಲೆ, ನಿಮ್ಮನೆ ಅಂಗಳದಲ್ಲಿ ಕುಣಿದ್ರೆ ತಪ್ಪಾ? ನಮಗೆ ದುಡ್ಡು ಬೇಡ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಈಗ ನಾನು ಮಾಡುವುದು ಇಷ್ಟು. ಸುಗ್ಗಿ ನೋಡಬೇಕು ಅನ್ನುವವರನ್ನು ಹೋಳಿ ಹೊತ್ತಿಗೆ ಘಟ್ಟದ ಕೆಳಗೆ ಕಳಿಸುತ್ತೇನೆ. ಕಾಣಿಕೆ ತಂಡಕ್ಕೆ ನೇರವಾಗಿ ಕೊಡಿ ಅನ್ನುತ್ತೇನೆ, ಸ್ವಲ್ಪ ಜಾಸ್ತಿಯೇ ಕೊಡಿ ಅನ್ನುತ್ತೇನೆ. ವರ್ಷಕ್ಕೆ ನಾಲ್ಕೈದು ಜನ ಹೋಗುತ್ತಾರೆ. ಆ ಹುಡುಗನ ಲೆಕ್ಕದಲ್ಲಿ ಇದು ನಷ್ಟವೇ.

ಅಂಕೋಲಾದ ಇಬ್ಬರು ಹಾಲಕ್ಕಿ ಅಜ್ಜಿಯರ ಹೆಸರು ಎಲ್ಲರೂ ಕೇಳಿರುತ್ತೀರಿ. ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, 2017ರಲ್ಲಿ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡ, 2020ರ ಪದ್ಮಶ್ರೀ. 2024ರ ಡಿಸೆಂಬರ್‌ನಲ್ಲಿ ತುಳಸಜ್ಜಿ, 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ, ಎರಡೇ ತಿಂಗಳ ಅಂತರದಲ್ಲಿ ಇಬ್ಬರೂ ಹೋದರು. ತುಳಸಜ್ಜಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಾವಿರಾರು ಗಿಡ ಎಬ್ಬಿಸಿದವರು. ಗಿಡ ನೆಟ್ಟವರು ಅಂತ ಮಾತ್ರ ಹೇಳಿದರೆ ಅರ್ಧ ಹೇಳಿದಂತೆ. ಯಾವ ಮರ ತಾಯಿಮರ, ಅದರ ಬೀಜವನ್ನು ಯಾವಾಗ ಆರಿಸಬೇಕು ಅನ್ನುವುದು ಅವರ ವಿದ್ಯೆ. ಸುಕ್ರಜ್ಜಿಯ ಹಾಡಿಗೂ ಹಾಗೆ, ನಾಟಿಗೆ ಬೇರೆ, ಮದುವೆಗೆ ಬೇರೆ. ಹೊತ್ತು ಕಳಚಿದರೆ ಬೀಜವೂ ಹುಟ್ಟುವುದಿಲ್ಲ, ಹಾಡೂ ಉಳಿಯುವುದಿಲ್ಲ.

ನಮ್ಮ ಶಿರಸಿಯ ಮಾರಿಕಾಂಬೆಯನ್ನೇ ನೋಡಿ. ಹದಿನೇಳನೇ ಶತಮಾನದ ಕೊನೆಗೆ ಪ್ರತಿಷ್ಠೆಯಾದ ದೇವಿ. ಜಾತ್ರೆ ಎರಡು ವರ್ಷಕ್ಕೊಮ್ಮೆ ಮಾತ್ರ. 2024ರ ಮಾರ್ಚಿನಲ್ಲಿ ಆಗಿತ್ತು. ದೇವಿಯ ಮದುವೆ, ರಥ, ಬಿಡಕಿ ಬಯಲಿನ ಗದ್ದುಗೆ, ಒಂಬತ್ತು ದಿನ ಊರಿಗೆ ಊರೇ ಅಲ್ಲಿ. ಮುಗಿದ ಮೇಲೆ ಯುಗಾದಿಯವರೆಗೆ ಗುಡಿಯ ಬಾಗಿಲೇ ಹಾಕಿರುತ್ತದೆ. ಯಾರು ಬಂದರೂ ದರ್ಶನ ಇಲ್ಲ. 2025ರಲ್ಲಿ ಒಬ್ಬರು ಫೋನ್ ಮಾಡಿ "ಈ ವರ್ಷ ಯಾಕೆ ಇಲ್ಲ? ಸಣ್ಣದಾಗಿ ಏನೂ ಮಾಡಲ್ವಾ?" ಅಂತ ಕೇಳಿದ್ದರು. ದೇವಿಗೂ ರಜೆ ಬೇಕಲ್ವಾ ಅಂದೆ. ನಕ್ಕರು. ಮುಂದಿನ ಜಾತ್ರೆಗೆ ಬರುತ್ತೇವೆ ಅಂದರು. ಎಲ್ಲರಿಗಿಂತ ಬುದ್ಧಿವಂತೆ ಮಾರಿಕಾಂಬೆಯೇ ಅಂತ ನನ್ನ ಲೆಕ್ಕ.

ಹಾಗಂತ ಎಲ್ಲದಕ್ಕೂ ಹಳೇ ಕ್ರಮವೇ ಸರಿ ಅಂತ ಹಟ ಹಿಡಿಯುವುದಿಲ್ಲ. ಯಕ್ಷಗಾನ ರಾತ್ರಿಯಿಡೀ ಆದರೇ ಯಕ್ಷಗಾನ ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ನನಗೆ ಎರಡೂವರೆ ಗಂಟೆಯ ಆಟ ಖುಷಿ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯುವವರಿಗೆ ಗೊತ್ತು ಅದರ ಸುಖ. ಗುಣವಂತೆಯ ಕೆರೆಮನೆಯವರ ಮೇಳ 1934ರಿಂದ ನಡೆದು ಬಂದಿದೆ. ಅಂಥವರು ತಾವೇ ಕೂತು ಯೋಚಿಸಿ ಆಟ ಚಿಕ್ಕದು ಮಾಡುವುದು ಬೇರೆ, ರೆಸಾರ್ಟಿನಲ್ಲಿ ಊಟದ ನಡುವೆ ಕಿರೀಟ ಹಾಕಿದವನೊಬ್ಬನನ್ನು ಬಾಗಿಲಲ್ಲಿ ನಿಲ್ಲಿಸುವುದು ಬೇರೆ.

ಗೋಕರ್ಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬರೆದು ಬರೆದು ಸವೆದಿದೆ. ಒಂದು ಮಾತು ಮಾತ್ರ. ಹೋಂಸ್ಟೇ ಅನ್ನುವ ಶಬ್ದ ಬರುವ ಎಷ್ಟೋ ಮೊದಲೇ ಅಲ್ಲಿಗೆ ಬಂದ ಯಾತ್ರಿಕರು ಭಟ್ಟರ ಮನೆಗಳಲ್ಲೇ ಉಳಿಯುತ್ತಿದ್ದರು. ಊಟ, ಪೂಜೆ, ಮಲಗುವುದು ಎಲ್ಲ ಅಲ್ಲೇ. ಉಳಿದುಕೊಂಡ ಮನೆಯ ಮಡಿ ಮೈಲಿಗೆಗೆ ಹೊಂದಿಕೊಳ್ಳಬೇಕಿತ್ತು. ಅದರಲ್ಲಿ ಸರಿಯಲ್ಲದ್ದೂ ಬೇಕಾದಷ್ಟು ಇತ್ತು, ಯಾರು ಒಳಗೆ, ಯಾರು ಹೊರಗೆ ಅನ್ನುವುದೂ ಸೇರಿ. ಅದು ಹೋಗಿದ್ದು ಒಳ್ಳೆಯದೇ. ಜೊತೆಗೆ, ಬಂದವರಿಗೂ ಮನೆಯ ಕಡೆಗೊಂದು ಬಾಧ್ಯತೆ ಇದೆ ಅನ್ನುವುದೂ ಹೋಯಿತು.

ಕಾರವಾರದಲ್ಲಿ ರವೀಂದ್ರನಾಥ ಟ್ಯಾಗೋರರ ಹೆಸರಿನ ಕಡಲತೀರ ಇದೆ. ಅವರ ಅಣ್ಣ ಸತ್ಯೇಂದ್ರನಾಥ ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಹರೆಯದ ರವೀಂದ್ರರು ಅಣ್ಣನ ಮನೆಗೆ ಬಂದು ಉಳಿದರು. ಬೆಳದಿಂಗಳಲ್ಲಿ ಕಾಳಿ ಹೊಳೆಯ ಮೇಲೆ ದೋಣಿಯಲ್ಲಿ ಹೋದರು, ಒಂದು ನಾಟಕ ಬರೆದರು. ಈಗ ಆ ತೀರದಲ್ಲಿ ಹದಿನೈದು ನಿಮಿಷ ನಿಂತು ಸೆಲ್ಫಿ ತೆಗೆದುಕೊಂಡು ಗೋವಾಕ್ಕೆ ಹೊರಡುವವರೇ ಜಾಸ್ತಿ.

ಗೋವಾ ಅಂದಾಗ ನೆನಪಾಯಿತು. ಅಘನಾಶಿನಿಯ ಬೆಳಚು ಬಹಳಷ್ಟು ಹೋಗುವುದು ಗೋವಾ ಕಡೆಗೆ. ಅಲ್ಲಿ ಕಡಲ ಬದಿಯ ಶ್ಯಾಕ್‌ನಲ್ಲಿ ಕೂತು ಚಿಪ್ಪಿನ ಸುಕ್ಕಾ ತಿಂದವರು ನಮ್ಮ ಹೊಳೆಗೆ ಕಾಲಿಡದೆಯೇ ನಮ್ಮ ಹೊಳೆಯ ಪ್ರವಾಸಿಗರು. ಅವರಿಗೆ ವರ್ಷವಿಡೀ ಬೇಕು. ಹೊಳೆ ವರ್ಷವಿಡೀ ಕೊಡುವುದಿಲ್ಲ. ಸಣ್ಣ ಚಿಪ್ಪೂ ಬುಟ್ಟಿ ಸೇರುವುದು ಹೀಗೆಯೇ.

ಕಾರವಾರದ ಕಡೆ ಮೊದಲು ರಾಂಪಣಿ ಬಲೆ ಇತ್ತು. ದಡದಿಂದ ಬೀಸುವ ದೊಡ್ಡ ಬಲೆ. ಮೀನಿನ ಹಿಂಡು ಕಂಡ ಕೂಡಲೇ ಕೂಗು ಬೀಳುತ್ತಿತ್ತು, ಊರಿನ ಜನ ಓಡಿ ಬಂದು ಎರಡೂ ಕಡೆಯ ಹಗ್ಗ ಎಳೆಯುತ್ತಿದ್ದರು. ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಯಂತ್ರದ ದೋಣಿ, ಪರ್ಸೀನ್ ಬಲೆ ಬಂದ ಮೇಲೆ ರಾಂಪಣಿ ಸೋತಿತು. ಸಣ್ಣ ಬಲೆ ದಡಕ್ಕೆ ಎಳೆಯುವುದು ಈಗಲೂ ಅಲ್ಲಲ್ಲಿ ಇದೆ. ನಮ್ಮಲ್ಲಿ ಉಳಿದಿದ್ದ ಒಬ್ಬ ಹುಡುಗ ಮಾಜಾಳಿ ಕಡೆ ಹೋದಾಗ ವಿಡಿಯೊ ತೆಗೆಯುತ್ತಾ ನಿಂತಿದ್ದನಂತೆ. ಯಾರೋ "ಏ, ಹಿಡಿ" ಅಂತ ಹಗ್ಗ ಕೈಗೆ ಕೊಟ್ಟರಂತೆ. ಅಂಗೈ ಸುಲಿದುಕೊಂಡು ಬಂದಿದ್ದ. ಕೊನೆಗೆ ನಾಲ್ಕು ಬಂಗಡೆ ಅವನ ಪಾಲಿಗೆ ಕೊಟ್ಟರಂತೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ನಮ್ಮನೆಗೆ ಬಂದು ಅಡುಗೆ ಮಾಡ್ತೀರಾ ಅಂತ ಕೇಳಿದ, ಪಾಪ! ಅತ್ತೆ ದೇವರ ಕೋಣೆ ಬಾಗಿಲು ಹಾಕಿಕೊಂಡರು. ಕೊನೆಗೆ ತೋಟದ ಕೆಲಸಕ್ಕೆ ಬರುವ ಅಣ್ಣನ ಮನೆಯಲ್ಲಿ ಹುರಿಸಿ, ಅಲ್ಲೇ ಊಟ ಮಾಡಿ ಬಂದ. ಒಂದು ಮಾತು ಹೇಳುತ್ತೇನೆ, ಆರು ವರ್ಷದಲ್ಲಿ ನಮ್ಮಲ್ಲಿ ಬಂದುಹೋದವರಲ್ಲಿ ಅವನಷ್ಟು ಚೆನ್ನಾಗಿ ಊರು ನೋಡಿದವರು ಕಡಿಮೆ.

ನಮ್ಮ ಮನೆಗೂ ಈಗ ಹೊತ್ತು ಇದೆ. ಏಪ್ರಿಲ್ ಅರ್ಧ ಆದ ಮೇಲೆ ಮೇ ಮುಗಿಯುವವರೆಗೆ ಬುಕಿಂಗ್ ತೆಗೆದುಕೊಳ್ಳುವುದಿಲ್ಲ. ಬಾವಿ ತಳ ಕಾಣುತ್ತದೆ. ಇರುವ ನೀರು ತೋಟಕ್ಕೆ ಸಾಲುವುದಿಲ್ಲ, ಅದರಲ್ಲಿ ಶವರ್ ಎಲ್ಲಿಂದ ತರಲಿ? ಶಾಲೆ ರಜೆಯ ತಿಂಗಳು ಅದು, ಒಳ್ಳೇ ಗಿರಾಕಿ ಇರುವ ತಿಂಗಳು. ನಮ್ಮವರು ಮೊದಲ ವರ್ಷ ಟ್ಯಾಂಕರ್ ತರಿಸೋಣ ಅಂದಿದ್ದರು. ಟ್ಯಾಂಕರಿನವನು ನೀರು ತರುವುದು ಇನ್ನೊಬ್ಬರ ಹಳ್ಳದಿಂದ ಅಂತ ಗೊತ್ತಾದ ಮೇಲೆ ಬಿಟ್ಟೆವು.

ರಾತ್ರಿ ಬೆಂಕಿ ಹಾಕಿ ಕೂರಬೇಕು ಅನ್ನುವವರೂ ಇದ್ದಾರೆ. ಕಟ್ಟಿಗೆ ಎಲ್ಲಿಂದ? ಬೆಟ್ಟದಿಂದ. ಇಲ್ಲಿ ಬೆಟ್ಟ ಅಂದರೆ ಗುಡ್ಡ ಮಾತ್ರ ಅಲ್ಲ, ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರುವ ಕಾಡು. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. ಅದನ್ನು ಬೋಳು ಮಾಡಿದರೆ ಏನಾಗುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಶುರು ಆದದ್ದು ಅಲ್ಲಿಂದ. ನಮ್ಮ ಮಾವನವರು ಆ ಕಾಲದವರು. "ಬೆಂಕಿ ಬೇಕಾದ್ರೆ ಬಚ್ಚಲ ಒಲೆ ಮುಂದೆ ಕೂತ್ಕಳಿ,  ಹಂಡೆ ನೀರೂ ಕಾಯ್ತು" ಅನ್ನುತ್ತಾರೆ. ಕೆಲವರು ನಿಜವಾಗಿಯೂ ಕೂರುತ್ತಾರೆ!

ಜುಲೈಯಲ್ಲೂ ಬೇಡ ಅನ್ನುತ್ತೇವೆ, 2024ರ ನಂತರ. ಮಳೆಗಾಲದ ಜಲಪಾತ ನೋಡಬೇಕು ಅಂತ ಕೇಳುವವರು ಬಹಳ. ಉಂಚಳ್ಳಿಯಾಗಲಿ ಮಾಗೋಡಾಗಲಿ, ನೋಡಲು ಚಂದ ಆಗಲೇ. ಆದರೆ ಆ ವರ್ಷ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾ ಅಂಗಡಿಯನ್ನೂ ಅಲ್ಲಿದ್ದವರನ್ನೂ ಗಂಗಾವಳಿ ಹೊಳೆಗೆ ತಳ್ಳಿತು. ನಾನು ತವರಿನಿಂದ ಅಂಕೋಲಾ ಕಡೆ ಹೋಗುವಾಗ ಎಷ್ಟೋ ಸಲ ಆ ಅಂಗಡಿಯ ಮುಂದೆ ಹಾದುಹೋಗಿದ್ದೇನೆ. ದೇವಿಮನೆ ಘಟ್ಟದಲ್ಲೂ ಗುಡ್ಡ ಜಾರುತ್ತದೆ. ಮಳೆ ಬಿಡಲಿ, ಅಕ್ಟೋಬರಿಗೆ ಬನ್ನಿ ಅನ್ನುತ್ತೇನೆ. ಜಲಪಾತ ಆಗಲೂ ಇರುತ್ತದೆ, ಸ್ವಲ್ಪ ತೆಳ್ಳಗೆ.

ಜನವರಿಯ ಆ ದಿನಕ್ಕೆ ವಾಪಸ್ ಬರುತ್ತೇನೆ.

ಹನ್ನೊಂದಕ್ಕೆ ತವರಿಗೆ ಹೋಗಿ ಇಳಿದೆವು. ಆಯಿ ಹೇಳಿದ ಹಾಗೆಯೇ ಹೊಳೆ ತುಂಬಿ ನಿಂತಿತ್ತು. ಬಿಸಿಲಿಗೆ ಕಣ್ಣು ಕುಕ್ಕುವಷ್ಟು ನೀರು, ಅದರ ಮೇಲೆ ಒಂದು ದೋಣಿ, ಅಷ್ಟೇ. ಆತ ನಾಲ್ಕು ಫೋಟೊ ತೆಗೆದರು. ಆಯಿ ಎಲ್ಲರಿಗೂ ಆಸ್ರಿಗೆ ಕೊಟ್ಟಳು, ಬೆಲ್ಲ ಮತ್ತು ನೀರು, ಆಮೇಲೆ ಮಜ್ಜಿಗೆ. ಅಂಬಿಗರ ಕೇರಿಯ ಅಕ್ಕ ಒಬ್ಬರು ಬೇಲಿಯಾಚೆ ಹೋಗುತ್ತಿದ್ದರು. ಈಗ ಸ್ವಲ್ಪ ತೋರಿಸ್ತೀರಾ ಅಂತ ಆತ ಕೇಳಿಯೇಬಿಟ್ಟರು. ಅವರು ನಕ್ಕರು. "ನೀರು ನನ್ನ ಮಾತು ಕೇಳ್ತದಾ?"

ಊಟ ಆಯಿತು. ಎರಡು ಗಂಟೆಗೆ ಕಾರು ಹೊರಟಿತು. ಅಷ್ಟರಲ್ಲಿ ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. "ನೀವು ಹೋಗ್ಬನ್ನಿ ಕಣಪ್ಪ, ನಂಗೆ ಮಂಡಿ ನೋವು. ಇಲ್ಲೇ ಇರ್ತೀನಿ." ಹುಡುಗಿಯೂ ಅಜ್ಜಿ ಜೊತೆ ಇರುತ್ತೇನೆ ಅಂತ ಹಟ ಮಾಡಿತು. ಆತನಿಗೆ ಇಷ್ಟ ಇರಲಿಲ್ಲ. ಹೆಂಡತಿ "ಇರಲಿ ಬಿಡ್ರೀ" ಅಂದರು. ನನಗನ್ನಿಸಿತು, ಹುಡುಗಿಯ ತಾಯಿಗೂ ಕಾರು ಹತ್ತುವ ಮನಸ್ಸು ಇರಲಿಲ್ಲ.

ಮಧ್ಯಾಹ್ನವೆಲ್ಲ ಇಬ್ಬರು ಮುದುಕಿಯರು ಜಗಲಿಯಲ್ಲಿ ಕೂತು ಮಾತಾಡಿದರು. ಒಬ್ಬರದು ಹಾಸನದ ಕಡೆಯ ಮಾತು, ಇನ್ನೊಬ್ಬಳದು ನಮ್ಮ ಮಾತು. ಅರ್ಧಕ್ಕರ್ಧ ಅರ್ಥ ಆಗಿರಲಿಕ್ಕಿಲ್ಲ. ಸೊಸೆಯಂದಿರ ವಿಷಯ ಬಂದಾಗ ಮಾತ್ರ ಇಬ್ಬರಿಗೂ ಚೆನ್ನಾಗಿ ಅರ್ಥ ಆಗುತ್ತಿತ್ತು. ಹುಡುಗಿ ಹೊಳೆಯ ಬದಿ ಒಂದು ಕೋಲು ನೆಟ್ಟು ಬಂದಿದ್ದಳು. ಆಗಾಗ ಓಡಿಹೋಗಿ ನೋಡಿ ಬರುತ್ತಿದ್ದಳು. "ಅಜ್ಜಿ, ಈಗ ಕಲ್ಲು ಕಾಣ್ತಿದೆ." "ಅಜ್ಜಿ, ಈಗ ಕಲ್ಲಿನ ಬುಡ ಕಾಣ್ತಿದೆ."

ಐದೂ ಕಾಲಿಗೆ ಹೆಂಗಸರು ಬಂದರು. ಸೀರೆ ಎತ್ತಿ ಕಟ್ಟಿ, ಬುಟ್ಟಿ ತಗೊಂಡು ಸಾಲಾಗಿ ನೀರಿಗಿಳಿದರು. ಬೆಳಗ್ಗೆ ನಕ್ಕ ಅಕ್ಕನೂ ಇದ್ದರು. ಕಾಲಿನಲ್ಲೇ ಕೆಸರು ತಡವಿ ಹುಡುಕುವುದು. ಸಿಕ್ಕಿತು ಅನ್ನಿಸಿದರೆ ಬಗ್ಗಿ ಕೈ ಹಾಕುವುದು. ಹುಡುಗಿಯನ್ನು ಕೈ ಹಿಡಿದು ದಡದ ಹತ್ತಿರವೇ ಇಳಿಸಿಕೊಂಡರು. "ಕಾಲಲ್ಲಿ ನೋಡು, ಕಣ್ಣಲ್ಲಿ ನೋಡಬೇಡ" ಅಂದರು. ತುಂಬಾ ಹೊತ್ತಾದ ಮೇಲೆ ಅವಳಿಗೆ ಒಂದು ಸಿಕ್ಕಿತು. ಉಗುರಿಗಿಂತ ಸ್ವಲ್ಪ ದೊಡ್ಡದು. ಅಕ್ಕ ಅದನ್ನು ನೋಡಿ, "ಇದು ಇನ್ನೂ ಶಿಶು, ಹಾಕು ವಾಪಸ್" ಅಂದರು. ಅವಳ ಮುಖ ಸಣ್ಣದಾಯಿತು. ಹಾಕಿದಳು.

"ಮೊದಲು ಒಂದು ಇಳಿತಕ್ಕೆ ಎರಡು ಬುಟ್ಟಿ ಆಗ್ತಿತ್ತು ತಂಗಿ. ಈಗ ಒಂದಾದ್ರೆ ದೊಡ್ಡದು" ಅಂದರು ಅಕ್ಕ ನನ್ನ ಕಡೆ ತಿರುಗಿ. ಬುಟ್ಟಿಯಲ್ಲಿ ಅರ್ಧವೂ ಆಗಿರಲಿಲ್ಲ.

ಕಾರು ವಾಪಸ್ ಬಂದಾಗ ಎಂಟು ಗಂಟೆ. ಹೆದ್ದಾರಿಯಲ್ಲಿ ಎರಡು ಕಡೆ ಟ್ರಾಫಿಕ್ ಜಾಮ್ ಆಗಿತ್ತಂತೆ. ದೇವಸ್ಥಾನದಲ್ಲಿ ಕ್ಯೂ ಇತ್ತಂತೆ. ಹುಡುಗಿ ಆಯಿಯ ಮಂಚದ ಮೇಲೆ ನಿದ್ದೆ ಹೋಗಿದ್ದಳು. ಆತ ಎತ್ತಿಕೊಳ್ಳಲು ಬಗ್ಗಿದರು. ಅವಳ ಮೊಣಕಾಲಿನವರೆಗೆ ಒಣಗಿದ ಕೆಸರು.

"ತೊಳೀಲಿಲ್ವಾ?" ಅಂದರು ತಾಯಿಗೆ.

"ತೊಳೆಯೋಕೆ ಬಿಡಲಿಲ್ಲ ಕಣಪ್ಪ. ನಿನಗೆ ತೋರಿಸ್ಬೇಕಂತೆ" ಅಂದರು ಅಜ್ಜಿ.